ಕಾಲಬುಡದ ಎರಡು

ಸೈನ್‌ಶಾಂಡ್, ರೈಲ್ವೆ ಕಾರ್ಮಿಕರ ರಾತ್ರಿ ಶಾಲೆ.
ಹೊರಗೆ ಗೋಬಿಯ ಗಾಳಿ, ಮೈನಸ್ ಇಪ್ಪತ್ತೆಂಟು.
ಒಳಗೆ ಹಲಗೆಯ ಮೇಲೆ ತುಕ್ಕು, ಅಲ್ಯೂಮಿನಿಯಂ,
ಆಮೇಲೊಂದು ಬಾಣ.

ಹಳಿ ಬೆಸೆಯುವ ತೊಮೊರ್‌ಬಾತರ್, ನಲವತ್ತೊಂದರ ವಿದ್ಯಾರ್ಥಿ,
ಲೆಕ್ಕ ಕೂಡಿಬರದೆ ಸಿಟ್ಟಿಗೆದ್ದು
ಕಬ್ಬಿಣದ ಕಾಲಬುಡದ ಪುಟ್ಟ ಎರಡನ್ನು
ಹೆಬ್ಬೆರಳಲ್ಲಿ ಒರೆಸಿಬಿಟ್ಟ.

"ಸಂಜೆ ದೊಡ್ಡಿಯಲ್ಲಿ ಎಣಿಕೆ ತಪ್ಪಿದರೆ
ಕುರಿಯ ಕಾಲು ಕಡಿಯುತ್ತೀಯಾ?" ಎಂದೆ.
ಎಲ್ಲರೂ ನಕ್ಕರು. ಅವನು ನಗಲಿಲ್ಲ.
"ಇನ್ನೊಂದು ಕುರಿ ಕರೀತೀನಿ" ಅಂದವನೇ
ಒರೆಸಿದ್ದನ್ನು ಮತ್ತೆ ಬರೆದು
ಅಲ್ಯೂಮಿನಿಯಮ್ಮಿನ ಮುಂದೆ ಎರಡು ಹಾಕಿದ;
ಬಲಗಡೆ ಕಬ್ಬಿಣದ ಮುಂದೆ ಇನ್ನೊಂದು ಎರಡು.
ಬಾಣದ ಈಚೆಗೂ ಆಚೆಗೂ ಆಕ್ಸಿಜನ್ ಮೂರೇ,
ಮನೆ ಬದಲಿಸಿತ್ತು, ಅಷ್ಟೆ.

ಸೋಮವಾರ ಕರಿ ಗಟ್ಟಿಯೊಂದನ್ನು ತಂದು ಮೇಜಿಗಿಟ್ಟ,
ಮೂಸೆಯಿಂದ ಹರಿದು ಬಂದ ಕಿಟ್ಟ.
"ಕಬ್ಬಿಣ ಹಳಿಯಲ್ಲಿದೆ ಟೀಚರ್,
ನಿನ್ನೆಯ ಬೀಜಿಂಗ್ ರೈಲು ಅದರ ಮೇಲೇ ಹೋಯಿತು.
ಉಳಿದದ್ದು ಇದು. ಲೆಕ್ಕ ಸರಿಯಿದೆ.
ಇದನ್ನೆಲ್ಲಿ ಬರೆಯಲಿ?"
ತೋಳು ಮಡಚಿ ತೋರಿಸಿದ:
ಕೋಟಿನ ಗುಂಡಿಯಷ್ಟು ಸುಟ್ಟ ಗಾಯ.

ಬಲತುದಿಯಲ್ಲಿ ಕೂಡಿಸುವ ಗುರುತು ಹಾಕಿ
ಶಾಖ ಎಂದು ಬರೆದೆ.
ಅದರ ಮುಂದೆ ಯಾವ ಅಂಕಿಯನ್ನೂ ಹಾಕಲಿಲ್ಲ.