ಪಾಯಿಂಟ್ ಸೊನ್ನೆ ಒಂದು

ಮೊಳಕಾಲ್ಮೂರು ಹೈಸ್ಕೂಲು, ಎರಡನೇ ಪಿರಿಯಡ್ಡು.
ಕಿಟಕಿಗೆ ಕಟ್ಟಿದ ಹಳೇ ಬ್ಯಾನರಿನ ತೂತಿನಿಂದ
ಬಿಸಿಲಿನ ಒಂದು ಕಡ್ಡಿ ಒಳಗೆ ನುಗ್ಗಿ
ಪ್ರೊಜೆಕ್ಟರಿನ ಬೆಳಕಿನ ಜೊತೆ ಜಗಳಕ್ಕೆ ನಿಂತಿದೆ.
ಗೋಡೆಯ ಮೇಲೆ ತ್ರಿಕೋನ.
ಮೂಲೆಗೊಂದು ಕೋನದ ಅಳತೆ, ಕೆಳಗೆ ಮೊತ್ತ.

ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆಯೇ ಹೇಳಿದೆ:
ತುದಿ ಹಿಡಿದು ಎಳೆಯಿರಿ, ಏನಾಗುತ್ತೆ ನೋಡಿ.

ಪಾಲಯ್ಯ ಎಳೆದ.
ತ್ರಿಕೋನ ಗುಡ್ಡವಾಯಿತು, ಸೂಜಿಯಾಯಿತು,
ಇನ್ನೇನು ಮಲಗಿಯೇಬಿಟ್ಟಿತು ಅನ್ನುವಷ್ಟು ಚಪ್ಪಟೆಯಾಯಿತು.
ಮೊತ್ತ ಮಾತ್ರ ಕದಲಲಿಲ್ಲ. ನೂರಾ ಎಂಬತ್ತು.
ಹೋ! ಎಂದಿತು ಇಡೀ ಕ್ಲಾಸು.
ನನ್ನ ಹದಿನಾರು ವರ್ಷದ ಸೀಮೆಸುಣ್ಣಕ್ಕೆ
ಒಂದು ಹೋ ಸಿಕ್ಕಿದ್ದಿಲ್ಲ.

ಚೌಡೇಶ್ವರಿ
(ಹಾಜರಿ ಪುಸ್ತಕದಲ್ಲಿ ಅಷ್ಟುದ್ದ, ಬಾಯಲ್ಲಿ ಬರೀ ಚೌಡಿ)
ಗೋಡೆ ಬಿಟ್ಟು ನೋಟ್‌ಬುಕ್ಕಿಗೆ ಬಗ್ಗಿದ್ದಳು.
ಐವತ್ತೊಂಬತ್ತು ಪಾಯಿಂಟ್ ಮೂರು ನಾಲ್ಕು,
ನಲವತ್ತೇಳು ಪಾಯಿಂಟ್ ಎಂಟು ಎಂಟು,
ಎಪ್ಪತ್ತೆರಡು ಪಾಯಿಂಟ್ ಏಳು ಒಂಬತ್ತು.
ಕೂಡಿದಳು. ಬೆರಳು ಮಡಚಿ ಮತ್ತೆ ಕೂಡಿದಳು.
"ಮಿಸ್, ಒಂದೆಳೆ ಜಾಸ್ತಿ ಬರ್ತೈತೆ."

ಎಳೆಯಾ?

"ನೂರಾ ಎಂಬತ್ತು ಪಾಯಿಂಟ್ ಸೊನ್ನೆ ಒಂದು."

"ಅಷ್ಟಕ್ಕೇನಾಗ್ತೈತೆ ಬಿಡೇ," ಪಾಲಯ್ಯ ನಕ್ಕ,
"ಕೆಳಗೆ ಕಂಪ್ಯೂಟರ್ರೇ ಕೂಡೈತಲ್ಲ."

ಅವಳು ನಗಲಿಲ್ಲ.
ಅವರ ಮನೆಯ ಗುಂಡಿಮಗ್ಗದಲ್ಲಿ
ಒಂದೆಳೆ ತಪ್ಪಿದರೆ ಅಂಚಿನ ನವಿಲಿಗೆ ಕೊರಳು ಮುರಿಯುತ್ತದೆ.
ರಾತ್ರಿ ನೇಯ್ದ ಗೇಣುದ್ದವನ್ನು
ಅವಳಪ್ಪ ಬೆಳಗ್ಗೆ ಬಿಚ್ಚುತ್ತಾನೆ, ಯಾರನ್ನೂ ಬಯ್ಯದೆ.
ಚೌಕದ ಹಾಳೆಯಲ್ಲಿ ಆ ನವಿಲಿಗೆ
ಮನೆ ಮನೆ ಎಣಿಸಿ ಬಣ್ಣ ತುಂಬುವವಳು ಇವಳೇ.

ನನಗೆ ಉತ್ತರ ಗೊತ್ತಿತ್ತು, ಹೇಳಿದೆ:
ಮೂರನೇ ಅಂಕಿಯನ್ನು ಯಂತ್ರ ತೋರಿಸುವುದಿಲ್ಲ,
ಐದು ದಾಟಿದ್ದನ್ನು ಮೇಲಕ್ಕೆ ದೂಡುತ್ತದೆ,
ಮೂರೂ ಕಡೆ ದೂಡಿದ್ದು ಸೇರಿ ನಿನ್ನ ಎಳೆ.
ಸೆಟ್ಟಿಂಗಿಗೆ ಹೋಗಿ ಐದು ಸ್ಥಾನದವರೆಗೂ ಬಿಚ್ಚಿ ತೋರಿಸಿದೆ.

ಮತ್ತೆ ಕೂಡಿದಳು.
ಈ ಸಲ ಕೊನೆಯ ಅಂಕಿಯಲ್ಲಿ ಒಂದು ಕಮ್ಮಿ.

"ಎಷ್ಟು ಬಿಚ್ಚಿದ್ರೂ ಹಿಂಗೇನಾ ಮಿಸ್?
ಹಂಗಾದ್ರೆ ಕರೆಕ್ಟಾಗಿ ನೂರಾ ಎಂಬತ್ತೇ ಅಂತ
ಯಾರು ನೋಡಿದ್ದು?"

ಯಾರೂ ನೋಡಿಲ್ಲ, ಚೌಡಿ.

ಮೌಸ್ ಬಿಟ್ಟು ಕರಿಹಲಗೆಗೆ ಹೋದೆ.
ಬೆನ್ನ ಮೇಲೆ ಇನ್ನೂ ಪ್ರೊಜೆಕ್ಟರಿನ ಬೆಳಕು,
ನನ್ನ ಸೀರೆಯ ಮೇಲೊಂದು ತ್ರಿಕೋನ, ಹುಡುಗರ ಮುಸಿಮುಸಿ.
ಹಲಗೆಯ ಮೇಲೆ ಕೈಗೆ ಬಂದಂತೆ ಇನ್ನೊಂದು ಬರೆದೆ.
ಅದರ ನೆತ್ತಿ ಮುಟ್ಟಿ, ಪಾದಕ್ಕೆ ಸಮಾಂತರವಾಗಿ, ಒಂದೇ ಗೆರೆ.

"ಎರಡು ಹಾಸು," ಚೌಡಿ ಎದ್ದು ನಿಂತಿದ್ದಳು,
"ನಡುವೆ ಓರೆ ಎಳೆ... ಮಿಸ್, ತಾಳಿ, ಹೇಳಬೇಡಿ."

ತಾಳಿದೆ.
ಕೆಳಗಿನ ಎರಡು ಕೋನಗಳನ್ನು
ಒಂದೊಂದಾಗಿ ಮೇಲಕ್ಕೆ ಹತ್ತಿಸಿ
ನೆತ್ತಿಯ ಕೋನದ ಎಡಕ್ಕೊಂದು, ಬಲಕ್ಕೊಂದು ಕೂರಿಸಿದಳು.
ಗೆರೆ ತುಂಬಿತು. ಸಂದಿಲ್ಲ. ಮಿಗಲಿಲ್ಲ.

ಯಾರೂ ಹೋ ಅನ್ನಲಿಲ್ಲ.
ಹೊತ್ತಾದ ಮೇಲೆ ಪಾಲಯ್ಯ,
"ಮಿಸ್, ನಿಮ್ಮ ತ್ರಿಕೋನ ಸೊಟ್ಟ ಐತೆ."

"ಸೊಟ್ಟ ಇದ್ರೂ," ಅಂದಳು ಚೌಡಿ,
ಕೈಗೆ ಮೆತ್ತಿದ ಸುಣ್ಣವನ್ನು ಲಂಗಕ್ಕೆ ಒರೆಸುತ್ತಾ.