ಕೊನೆಯ ಖಾನೆ

ಡಾಕ್ಟರು ಚೀಟಿ ಕೊಟ್ಟಿದ್ದಾರೆ, ಏಳು ನಂಬರು.
ಹದಿನಾಲ್ಕು ವರ್ಷಕ್ಕೆ ಏಳೇ ಏಳು.

ಹುಬ್ಬಳ್ಳಿಯ ಈ ದವಾಖಾನೆಯ ನೆಲಮಾಳಿಗೆಯಲ್ಲಿ
ಅನ್ನನಾಳದ ಫೈಲು ಗೋಡೆಯಿಂದ ಗೋಡೆಗೆ.
ತಂಬಾಕು, ಬೀಡಿ, ಗುಟಕಾ,
ಒಂದೇ ಕಥೆಗೆ ಒಂಬತ್ತು ಕಪಾಟು.
ಇದು ಬೇರೆ.
ಚರ್ಮದ ಮಚ್ಚೆಗೆ ಬಣ್ಣ ಕೊಡುವ ಕಣ
ಬಿಸಿಲೇ ಬೀಳದ ಕೊಳವೆಯೊಳಗೆ ಕೂತು
ಕಪ್ಪಾಗಿ ಬೆಳೆದದ್ದು.
ಮೆತ್ತಗೆ, ತಾಗಿದರೆ ರಕ್ತ,
ಎಂದು ಇಂಗ್ಲಿಷಿನಲ್ಲಿ ಬರೆಯುತ್ತ ಬಂದ ಯಾರೋ ಎಳೆಯ ಡಾಕ್ಟರು
ನಡುವೆ ಒಂದು ಪದ ಕನ್ನಡದಲ್ಲಿ ಇಟ್ಟಿದ್ದಾರೆ:
ನೇರಳೆ.

ನನ್ನ ಕೆಲಸ ಖಾನೆ ತುಂಬುವುದು.
ವಯಸ್ಸು, ಊರು, ಮೊದಲ ಲಕ್ಷಣ.
ಮೊದಲ ಲಕ್ಷಣ ಎಲ್ಲರದೂ ರೊಟ್ಟಿಯಿಂದಲೇ ಶುರು.
‘ಇಲ್ಲೇ ನಿಲ್ಲತೈತ್ರಿ, ಎದಿ ನಡಕ.’
ಆಮೇಲೆ ಅನ್ನ, ಆಮೇಲೆ ಗಂಜಿ.
ಬೆಟಗೇರಿಯ ನೇಕಾರ ಗಣಪತಸಾ ಬಾಕಳೆ
ಬರುವಷ್ಟರಲ್ಲಿ ತನ್ನ ಉಗುಳನ್ನೇ ಡಬ್ಬಿಯಲ್ಲಿ ಹಿಡಿದು ಬಂದಿದ್ದರು.
ಒಳಗೆ ಜಾಲರಿಯ ನಳಿಕೆ ಇಟ್ಟರು. ಎಕ್ಸರೇ ನೋಡಿ ಕೇಳಿದರಂತೆ,
‘ಈ ನೇಯ್ಗಿ ಯಾರದ್ರೀ? ಕೈ ಛಲೋ ಐತಿ.’
ನಾಲ್ಕು ತಿಂಗಳು.

ಶಿಗ್ಗಾವಿಯ ಮಾಲತೇಶಪ್ಪ ಓಲೇಕಾರ, ಶಾಲೆಯಲ್ಲಿ ಗಂಟೆ ಹೊಡೆಯುವವ.
ಇಪ್ಪತ್ತೈದು ದಿನ ಕರೆಂಟು ಕೊಟ್ಟಿದ್ದಾರೆ.
ಬಸ್ಸಿನ ಟಿಕೆಟ್ಟೆಲ್ಲ ಫೈಲಿಗೆ ಪಿನ್ನು ಹಾಕಿದ್ದಾನೆ,
ಸರಕಾರ ಕೊಟ್ಟರೂ ಕೊಟ್ಟೀತು ಅಂತ.
ಎಣಿಸಿದೆ. ನಲವತ್ತೊಂಬತ್ತು.
ಕೊನೆಯ ದಿನ ಊರಿಗೆ ಮರಳಿದ ಟಿಕೆಟ್ಟು
ಅವನ ಅಂಗಿಯ ಕಿಸೆಯಲ್ಲೇ ಉಳಿದಿರಬೇಕು.

ಕೊನೆಯ ಖಾನೆಗೆ ಫೋನು ಹಚ್ಚಬೇಕು.
ಒಂದು ನಂಬರು ಈಗ ಪಂಕ್ಚರ್ ಅಂಗಡಿಯದು.
ಒಂದರಲ್ಲಿ ಕೂಸು: ‘ಅಜ್ಜ ಫೋಟೋದಾಗ ಅದಾನ.’
ಒಂದು, ಆಸ್ಪತ್ರೆ ಅಂದೊಡನೆ, ಕಟ್.
ಓಲೇಕಾರನ ಹೆಂಡತಿಗೆ ತಾರೀಖು ನೆನಪಿಲ್ಲ.
‘ಶೀಗಿ ಹುಣ್ಣಿವಿ ಹಿಂದಿನ ದಿನರೀ, ಹೋಳಗಿಗೆ ಬ್ಯಾಳಿ ನೆನಿ ಹಾಕಿದ್ದೆ.’
ಹಳೆಯ ಪಂಚಾಂಗ ಹುಡುಕಿ ತೆಗೆದು
ಹನ್ನೊಂದು ತಿಂಗಳು ಎಂದು ಬರೆದೆ.
ಬೇಳೆಗೆ ಖಾನೆಯಿಲ್ಲ.

ಏಳನೆಯದು ಬ್ಯಾಡಗಿ. ಚನ್ನಬಸವ್ವ ಮೋಟೆಬೆನ್ನೂರ.
ಅನ್ನನಾಳ ತೆಗೆದು, ಹೊಟ್ಟೆಯನ್ನೇ ಎದೆಯೊಳಗೆ ಮೇಲೆಳೆದು
ಕೊರಳಿಗೆ ಹೊಲಿದಿದ್ದಾರೆ, ಆರು ವರ್ಷದ ಕೆಳಗೆ.
ಆಮೇಲಿನ ಹಾಳೆ ಖಾಲಿ.
ಎಂಥ ಮಾತಿನಿಂದ ಶುರು ಮಾಡಲಿ ಎಂದುಕೊಳ್ಳುವುದರೊಳಗೆ
ಫೋನು ಎತ್ತಿದವಳು ಅವಳೇ.
‘ತಡೀರಿ, ಬಾಯಾಗ ತುತ್ತೈತಿ.’

ತಡೆದೆ.
ಅಗಿಯುವ ಸದ್ದು. ಹಿಂದೆ ಮೆಣಸಿನಕಾಯಿ ತುಂಬು ಬಿಡಿಸುವವರ
ಸೀನು, ನಗು, ಮತ್ತೆ ಸೀನು.
ಎಷ್ಟು ಹೊತ್ತು ಅಗಿದಳು! ಹಾಗೇ ಹೇಳಿ ಕಳಿಸಿದ್ದಾರೆ ಇಲ್ಲಿಂದ,
ಚೂರು ಚೂರು, ದಿನಕ್ಕೆ ಎಂಟು ಸಲ.
ರಾತ್ರಿ ಮಲಗುವುದೂ ಇಲ್ಲವಂತೆ,
ಬೆನ್ನಿಗೆ ಚೀಲ ಕೊಟ್ಟು ಕೂತೇ ನಿದ್ದೆ.
‘ಅಡ್ಡಾದ್ರ ಉಂಡದ್ದು ಬಾಯಿಗೆ ಬರತೈತಿ, ಉಳದದ್ದೆಲ್ಲಾ ಆರಾಮ.’
ಆಮೇಲೆ ಕೇಳಿದಳು,
‘ನನ್ನಂಥಾ ಬ್ಯಾನಿಯವ್ರು ಮತ್ತ್ಯಾರರ ಅದಾರೇನ್ರಿ?’

‘ಒಟ್ಟು ಏಳು ಮಂದಿ’ ಅಂದೆ.
‘ಹೌದಾ! ಎಲ್ಲಾರಿಗೂ ಕೇಳೀನಿ ಅಂತ ಹೇಳ್ರಿ.’

ಸಂಜೆ ಡಾಕ್ಟರು ಲೆಕ್ಕ ತಿಳಿಸಿಕೊಟ್ಟರು.
ಏಳೂ ಜನರನ್ನು ಬದುಕಿದ ತಿಂಗಳಿನಂತೆ ಸಾಲಿಗೆ ನಿಲ್ಲಿಸಿ
ನಡುವಿನವರನ್ನು ಹಿಡಿಯುತ್ತಾರಂತೆ.
ತುದಿಯವಳು ಆರು ವರ್ಷ ಬದುಕಿದರೂ
ಅರವತ್ತು ವರ್ಷ ಬದುಕಿದರೂ ನಡು ಜರುಗುವುದಿಲ್ಲ.
ಹನ್ನೊಂದು ತಿಂಗಳು.
ಮಾಲತೇಶಪ್ಪ ಓಲೇಕಾರ,
ಐವತ್ತನೆಯ ಟಿಕೆಟ್ಟು ಹಿಡಿದು
ಅಲ್ಲೇ ನಿಂತಿರುತ್ತಾನೆ.