ಇಪ್ಪತ್ನಾಕು ತಾಸಿನ ಫಾರ್ಮು

ಹದಿನೇಳನೇ ಬಾಗಿಲಂತ ನಂದು. ಅಕಿನೇ ಲೆಕ್ಕ ಇಟ್ಟಿದ್ಲು,
ವಹಿಯ ಕಡೀ ಹಾಳಿಯಾಗ ಗೀಟು ಎಳದು.
ಮೇ ತಿಂಗಳ ಮಧ್ಯಾಹ್ನ. ಸೇಡಂ ರಸ್ತೆಯ ಡಾಂಬರು
ಚಪ್ಪಲಿಗೆ ಮೆತ್ತೋ ಹೊತ್ತು.
ನಾ ಕೂಲರಿಗೆ ನೀರು ಸುರೀಲಾಕತ್ತಿದ್ದೆ.
ಸಂಗಡ ಆಟೋದ ಮಶಾಕ, ಬಾಯಿ ತುಂಬ ಗುಟ್ಕಾ:
"ಅಮ್ಮಾ, ಮ್ಯಾಲಿನ ಖೋಲಿ ಖಾಲಿ ಅದಂತಲ್ಲಾ?"

ಹೆಸರು ರಿಹಾಬ್. ಸೂಡಾನ ದೇಶ. ಔಷಧದ ಓದು.
ಸೂಟಿಗೆ ಹಾಸ್ಟೆಲ್ ಬಂದ್ ಮಾಡ್ಯಾರ,
ಹುಡುಗೇರೆಲ್ಲ ಊರಿಗೆ ಹೋಗ್ಯಾರ.
ಇಕಿಗೂ ಊರದ. ಊರಾಗ ಮನಿ ಅದನೋ ಇಲ್ಲೋ
ಅಂಬೋದು ಫೋನು ಹತ್ತಿದ ದಿನ ಗೊತ್ತಾಗಬೇಕು.

ಒಂದು ಮನಿಯಾಗ ಕೇಳಿದರಂತ, ಮಾಂಸ ತಿಂತೀಯೇನು.
ಇನ್ನೊಂದರಾಗ, ಗಂಡ ಎಲ್ಲದಾನ.
ಬ್ರಹ್ಮಪುರದಾಗ ಒಬ್ಬಾಕಿ ಏನೂ ಕೇಳದೇ
ತಣ್ಣನ ನೀರು ಕೊಟ್ಟು, ಕುಡಿಯೂ ತನಕ ಕಾದು,
ಚರಗಿ ಇಸಗೊಂಡು, ಖೋಲಿ ಇಲ್ಲ ಅಂದ್ಲಂತ.
ರೋಜಾದ ಕಡೆ ಇಕಿ ಅರಬ್ಬಿ ಕೇಳಿ ಖುಷಿಪಟ್ಟು
ಖಜೂರ ಕೊಟ್ಟರಂತ, ನಮ್ಮ ಮಕ್ಕಳಿಗೆ ಕಲಸು ಅಂದರಂತ.
ಬಾಡಗಿ ಮಾತು ಬಂತು. ಮಾವನ್ನ ಕೇಳಬೇಕು ಅಂದರು.
ಮಾವ ಸೌದಿಯಾಗ.

ನಾ ಏನು ಅವರಿಗಿಂತ ದೊಡ್ಡಾಕಿ ಅಲ್ಲ.
ಬಣ್ಣ ನೋಡಿದೆ, ಖರೆ ಹೇಳ್ತೀನಿ.
ಆಮ್ಯಾಲ ಅಡ್ವಾನ್ಸ್ ಕೇಳಿದೆ.
ಆಮ್ಯಾಲ ಹೇಳಿದೆ: ನಳ ಐದು ದಿನಕ್ಕೊಮ್ಮಿ,
ಕೊಡ ಎಣಿಸಿ ಖರ್ಚು ಮಾಡಬೇಕು, ನೋಡವ್ವ.
ಅಕಿ ನಕ್ಕಳು. ಐದು ದಿನಕ್ಕೊಮ್ಮಿ ಬರ್ತದಂದ್ರ
ಅದು ಹಬ್ಬ ಅಂದ್ಲು, ಅರ್ಧ ಹಿಂದಿ, ಅರ್ಧ ಇಂಗ್ಲಿಷು,
ಇನ್ನರ್ಧ ಕೈಯಾಗ.

ಪರದೇಶದವರನ್ನ ಇಟಗೊಂಡರ ಪೊಲೀಸ್ ಫಾರ್ಮು,
ಇಪ್ಪತ್ನಾಕು ತಾಸಿನೊಳಗ, ಮನಿ ಮಾಲಕರೇ ತುಂಬಬೇಕು.
ಸೂಪರ್ ಮಾರ್ಕೆಟಿನ ನೆಟ್ ಸೆಂಟರ್ ಹುಡುಗ
ಪರದೆ ನೋಡಿ ಒದರ್ತಾನ:
ಇಲ್ಲಿಗೆ ಬರೂ ಮೊದಲು ಎಲ್ಲಿದ್ದರು?
ಎಷ್ಟು ದಿನ ಇರ್ತಾರ?
ಇಲ್ಲಿಂದ ಮುಂದ ಎಲ್ಲಿಗೆ ಹೋಗ್ತಾರ?
ಐವತ್ತೆಂಟು ವರ್ಷ ಇದೇ ಊರಾಗ ಬಾಳೇವು ಮಾಡೀನಿ,
ಇಂಥಾ ಮಾತು ನನಗ ಯಾರೂ ಕೇಳಿಲ್ಲ.
ಕಡೀ ಖಾನೆಗೆ ಅಕಿ ಸುಮ್ಮನೇ ಕುಂತ್ಲು,
ಉಗುರಿನ ಮ್ಯಾಲ ಉಗುರು ತಿಕ್ಕೋತ.
ಖಾಲಿ ಬಿಟ್ಟರ ಫಾರ್ಮು ಮುಂದ ಹೋಗಂಗಿಲ್ಲ ಅಮ್ಮಾ, ಅಂದ ಹುಡುಗ.
ಬರಿಯಪ್ಪ ಅಂದೆ ನಾ, ಕಲಬುರಗಿ.
"ಕಲಬುರಗಿಯಿಂದ ಕಲಬುರಗಿಗೇನ್ರಿ?"
ಹೌದು.
ಬರದ. ಒತ್ತಿದ. ಸರ್ಕಾರ ತಗೊಂತು.

ಎಂಟು ದಿನಕ್ಕ ರೊಟ್ಟಿ ಬಡಿಯೂ ಸಪ್ಪಳಕ್ಕ ಕೆಳಗಿಳಿದು ಬಂದ್ಲು.
ಹಿಟ್ಟು ಮೂಸಿ ನೋಡಿ, ದುರಾ ಅಂದ್ಲು. ಜೋಳ ಅಂದೆ. ದುರಾ, ಅಂದ್ಲು.
ಅವರ ಗದಾರಿಫ್ ಊರಾಗೂ ಎರೀ ಹೊಲ ಅಂತ,
ಮಳಿಗಾಲದಾಗ ಕಾಲಿಗೆ ಎರಡೆರಡು ಸೇರು ಮಣ್ಣು ಹತ್ತತದಂತ.
ರಾತ್ರಿ ಹಿಟ್ಟು ಕಲಸಿ ಹುಳಿ ಬಿಟ್ಟಳು.
ಮುಂಜಾನೆ ತಟ್ಟಲಿಲ್ಲ, ಬಡೀಲಿಲ್ಲ,
ಹಂಚಿನ ಮ್ಯಾಲ ತೆಳ್ಳಗ ಸವರಿ ಎತ್ತಿದ್ಲು, ಧೋತರದಂಗ.
ಬಡೀದಿದ್ದರ ಅದ್ಯಾತರ ರೊಟ್ಟಿ ಅಂದೆ.
ಪುಂಡಿಪಲ್ಯಾ ಹಚ್ಚಿ ಮೂರು ತಿಂದೆ.
ಜೋಳ ನಮ್ಮ ಕಡಿಂದ ನಿಮ್ಮ ಕಡಿಗೆ ಬಂದದ್ದು
ಅಂತ ಪುಸ್ತಕದಾಗ ಅದಂತ, ಸಾವಿರಾರು ವರ್ಷದ ಹಿಂದ.
ನಾ ಒಪ್ಪಿಲ್ಲ.
ಆ ಜಗಳ ಇನ್ನೂ ನಡದದ.

ಪರೀಕ್ಷಾ ಹತ್ರ ಬಂತು. ರಾತ್ರಿ ಎರಡಕ್ಕೂ ಮ್ಯಾಲ ಬೆಳಕು.
ಔಷಧದ ಹೆಸರು ಬಾಯಿಪಾಠ ಮಾಡಕೋತ
ಬರಿಗಾಲಿಲೇ ತಿರಗ್ತಾಳ ಶಹಾಬಾದ ಫರಸಿ ಮ್ಯಾಲ,
ಗ್ವಾಡಿಯಿಂದ ಗ್ವಾಡಿಗೆ, ಏಳು ಹೆಜ್ಜಿ.
ಒಮ್ಮೊಮ್ಮಿ ನಡುವೇ ನಿಲ್ಲತದ.
ಫೋನು ಬಂದಿರ್ತದ. ಇಲ್ಲಾ ಬಂದಿರಂಗಿಲ್ಲ.
ನಾ ಕೆಳಗ ಹಾಸಗಿ ಮ್ಯಾಲ ಎದ್ದು ಕುಂದರ್ತೀನಿ,
ಕೂಲರ್ ಬಂದ್ ಮಾಡಿ,
ಕೇಳಲಿ ಅಂತ,
ಮತ್ತ ನಡೀಲಾಕ ಹತ್ತೂ ತನಕ.